ಬಾಯಿ ತೋರಿಸು ಅನ್ನೋರು ಯಾರು?

ನಮ್ಮ ಭಾಗದಲ್ಲಿ ಗುರುತು ಪರಿಚಯ ಇಲ್ಲದವರ ಮುಂದೆಯೂ ನಾಚಿಕೆಯಿಲ್ಲದೆ ಕೈ ಚಾಚಬಹುದಾದ ವಸ್ತು ಎರಡು: ನೀರು ಮತ್ತು ತಂಬಾಕು. ಗೋಕಾಕದ ಹತ್ತಿರದ ಕೊಣ್ಣೂರಿನ ಬಸ್‌ಸ್ಟ್ಯಾಂಡಿನಲ್ಲಿ ಹತ್ತು ರೂಪಾಯಿ ಕೈಗಡ ಕೇಳಿ ನೋಡಿ, ಮುಖ ಆಚೆ ತಿರುಗುತ್ತದೆ. "ಕಾಕಾ, ಒಂಚೂರು ತಂಬಾಕ ಕೊಡ್ರಿ" ಅನ್ನಿ, ಕಿಸೆಯಿಂದ ಡಬ್ಬಿ ಹೊರಗೆ ಬರುತ್ತದೆ. ಒಂದು ತುದಿಗೆ ತಂಬಾಕು, ಇನ್ನೊಂದು ತುದಿಗೆ ಸುಣ್ಣ ಇರುವ ಬೆರಳುದ್ದದ ಡಬ್ಬಿ. ಎಡ ಅಂಗೈಗೆ ಒಂದು ಚಿಟಿಕೆ ಸುರಿದುಕೊಂಡು, ಉಗುರ ತುದಿಯಲ್ಲಿ ಸುಣ್ಣ ತೆಗೆದು ಹಚ್ಚಿ, ಬಲಗೈ ಹೆಬ್ಬೆರಳಿನಿಂದ ತಿಕ್ಕುತ್ತಾರೆ. ತಿಕ್ಕುವುದಕ್ಕೆ ಅವಸರವಿಲ್ಲ. ಫ್ಯಾಕ್ಟರಿಯವರು ಕೊಡಬೇಕಾದ ಕಬ್ಬಿನ ಬಿಲ್ಲು, ಮಗಳಿಗೆ ಬಂದ ಸಂಬಂಧ, ಹಿಡಕಲ್ ಡ್ಯಾಮಿನಿಂದ ನೀರು ಬಿಟ್ಟ ಸುದ್ದಿ, ಎಲ್ಲವೂ ಅಷ್ಟು ಹೊತ್ತಿನಲ್ಲಿ ಆಗಿಹೋಗುತ್ತವೆ. ಕೊನೆಗೆ ಎರಡು ಸಲ ತಟ್ಟಿದಾಗ ಧೂಳು ಹಾರಿ ಪಕ್ಕದವನಿಗೆ ಸೀನು ಬರುತ್ತದೆ. ಉಳಿದದ್ದರಲ್ಲಿ ಅರ್ಧ ಕೇಳಿದವನಿಗೆ, ಅರ್ಧ ತನ್ನ ಕೆಳದುಟಿಯ ಹಿಂದಕ್ಕೆ.

ಇಷ್ಟು ಸಲಿಗೆಯ ವಸ್ತುವಿನ ವಿರುದ್ಧ ಮಾತಾಡುವುದು ಸುಲಭವಲ್ಲ. ಕೊಟ್ಟ ತಂಬಾಕು ಬೇಡ ಅಂದರೆ ಕೊಟ್ಟವನಿಗೇ ಬೇಜಾರು. ಬೀಡಿ ಸೇದುವವನ ಹೊಗೆ ಪಕ್ಕದವರಿಗೂ ತಾಗುವುದರಿಂದ ಅವನನ್ನು ಗದರಿಸುವ ಹಕ್ಕು ಎಲ್ಲರಿಗೂ ಇದೆ. ತಿನ್ನುವವನ ತಂಬಾಕು ಅವನ ಬಾಯಲ್ಲೇ ಇರುತ್ತದೆ. ಗೋಡೆಗೆ ಉಗುಳದಿದ್ದರೆ ಯಾರ ತಕರಾರೂ ಇಲ್ಲ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸೇದುವವರು ನೂರಕ್ಕೆ ಸುಮಾರು 9, ತಿನ್ನುವವರು ನೂರಕ್ಕೆ ಸುಮಾರು 16. ಹಾಗಿದ್ದೂ ಶಾಲೆಯ ಮಕ್ಕಳಿಗೆ ತಂಬಾಕಿನ ವಿರುದ್ಧ ಚಿತ್ರ ಬರೆಯಲು ಹೇಳಿ, ಬಹುತೇಕರು ಸಿಗರೇಟು ಬರೆಯುತ್ತಾರೆ. ಅಪ್ಪನ ಕಿಸೆಯ ಡಬ್ಬಿ ಆ ಮಕ್ಕಳ ಕಣ್ಣಿಗೆ ತಂಬಾಕೇ ಅಲ್ಲ.

ಈ ಚಟ ಇಲ್ಲಿ ಬೇರು ಬಿಟ್ಟದ್ದರಲ್ಲಿ ಊರಿನ ದುಡಿಮೆಯ ಪಾಲೂ ಇದೆ. ಗೋಕಾಕ ಫಾಲ್ಸಿನ ನೂಲಿನ ಗಿರಣಿ 1887ರದು. ಕೊಣ್ಣೂರಿನ ಎಷ್ಟೋ ಮನೆತನಗಳು ತಲೆಮಾರುಗಟ್ಟಲೆ ಅದರ ಪಾಳಿಯ ಲೆಕ್ಕದಲ್ಲೇ ಎದ್ದಿವೆ, ಮಲಗಿವೆ. ಹತ್ತಿಯ ಎಳೆ ಗಾಳಿಯಲ್ಲಿ ಹಾರಾಡುವ ಕಡೆ ಬೀಡಿ ಹಚ್ಚುವಂತಿಲ್ಲ, ಒಂದು ಕಿಡಿ ಸಾಕು. ರಾತ್ರಿ ಪಾಳಿಯಲ್ಲಿ ಕಣ್ಣು ಎಳೆಯುವವನಿಗೆ ಕಡ್ಡಿಪೆಟ್ಟಿಗೆ ಬೇಡದ ತಂಬಾಕೇ ಗತಿ. ಕಬ್ಬು ಕಡಿಯುವವರಿಗೆ ಅದು ಹಸಿವನ್ನು ಒಂದು ತಾಸು ಮುಂದೂಡುವ ಉಪಾಯ. ಹೆಣ್ಣುಮಕ್ಕಳು ಹಂಚಿನ ಮೇಲೆ ತಂಬಾಕು ಕರ್ರಗೆ ಹುರಿದು, ಪುಡಿ ಮಾಡಿ, ಮಿಸ್ರಿ ಅಂತ ಹಲ್ಲಿಗೆ ತಿಕ್ಕುತ್ತಾರೆ. ಹಲ್ಲುಜ್ಜುವುದು ಐದು ನಿಮಿಷದ ಕೆಲಸ. ಮಿಸ್ರಿ ಬಾಯಲ್ಲಿ ಉಳಿಯುವುದು ಎಷ್ಟೋ ಹೊತ್ತು. ಇವರಲ್ಲಿ ಯಾರನ್ನೂ ನಾನು ಕೆಟ್ಟವರು ಅನ್ನಲಾರೆ. ದುಡಿಮೆಯಿಂದ ದಣಿದವರ ಚಟವನ್ನು ಊಟ ಮಾಡಿ ಕುಳಿತವರು ಬೈಯುವುದರಲ್ಲಿ ಒಂದು ಸೊಕ್ಕು ಇರುತ್ತದೆ. ಊರಿಗೆ ಬಂದು ಭಾಷಣ ಮಾಡಿ ಹೋಗುವವರ ಮಾತು ಕಟ್ಟೆಯ ಮೇಲೆ ನಿಲ್ಲದಿರುವುದಕ್ಕೆ ಆ ಸೊಕ್ಕೇ ಕಾರಣವಿದ್ದೀತು.

ರೋಗದ ಸುದ್ದಿ ಮೊದಲು ಮುಟ್ಟುವುದು ಅಡುಗೆಮನೆಗೆ. ರೊಟ್ಟಿಗೆ ರಂಜಕ, ಶೇಂಗಾ ಹಿಂಡಿ, ಮೇಲೊಂದು ಹಸಿಮೆಣಸಿನಕಾಯಿ ಕಡಿದುಕೊಂಡು ಉಣ್ಣುತ್ತಿದ್ದ ಮನುಷ್ಯ ಒಂದು ದಿನ "ಇವತ್ತ ಖಾರ ಭಾಳ ಆಗೇತಿ" ಅನ್ನುತ್ತಾನೆ. ಖಾರ ನಿನ್ನೆಯಷ್ಟೇ ಇರುತ್ತದೆ. ಹೆಂಡತಿ ಮರುದಿನ ಕಡಿಮೆ ಹಾಕುತ್ತಾಳೆ. ಅದೂ ಹತ್ತುತ್ತದೆ. ಇನ್ನು ಕೆಲವು ತಿಂಗಳಿಗೆ ಪಲ್ಯ ಬದಿಗಿಟ್ಟು ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿಕೊಳ್ಳುತ್ತಾನೆ. "ಯಾಕ್ರೀ?" ಅಂದರೆ ಉತ್ತರ ಸಿದ್ಧವಿದೆ: "ಉಷ್ಣ ಆಗೇತಿ." ಉಷ್ಣ ಅಂದಮೇಲೆ ಮುಗಿಯಿತು. ಮಜ್ಜಿಗೆ ಬರುತ್ತದೆ, ಗುಲ್ಕಂದ ಬರುತ್ತದೆ, ಸಬ್ಜಾ ಬೀಜ ನೆನೆಹಾಕುತ್ತಾರೆ. ಔಷಧ ಅಂಗಡಿಯವನು ಬಾಯಿಹುಣ್ಣಿನ ಮುಲಾಮು ಕೊಡುತ್ತಾನೆ. ಕೆನ್ನೆಯ ಒಳಗೆ, ತಂಬಾಕು ಇಡುವ ಸರಿಯಾಗಿ ಅದೇ ಜಾಗದಲ್ಲಿ, ತಿಕ್ಕಿದರೂ ಹೋಗದ ಒಂದು ಬಿಳಿ ಮಚ್ಚೆ ಇರುತ್ತದೆ. ಕೆಲವರಲ್ಲಿ ಅದು ಕೆಂಪಗಿರುತ್ತದೆ, ಕೆಂಪು ಇನ್ನೂ ಅಪಾಯದ್ದು. ಆ ಮನೆಯಲ್ಲಿ ಆರು ಜನ ಇರುತ್ತಾರೆ. ಒಬ್ಬರೂ "ಬಾಯಿ ತಗೀರಿ, ನೋಡೋಣು" ಅನ್ನುವುದಿಲ್ಲ. ಹಿರಿಯರ ಬಾಯೊಳಗೆ ಇಣುಕುವುದು ಮರ್ಯಾದೆಯಲ್ಲ.

ಒಳಗೆ ಆಗುತ್ತಿರುವುದು ಇಷ್ಟು. ಎಲೆ ಒಣಗಿಸಿ ಹದ ಮಾಡುವಾಗಲೇ ತಂಬಾಕಿನಲ್ಲಿ ನೈಟ್ರೋಸಮೈನ್ ಎಂಬ ಕ್ಯಾನ್ಸರ್‌ಕಾರಕಗಳು ಹುಟ್ಟಿಕೊಂಡಿರುತ್ತವೆ. ಸುಣ್ಣ ಸೇರಿದಾಗ ನಿಕೋಟಿನ್ ಬೇಗ ಬಿಡುಗಡೆಯಾಗಿ ರಕ್ತಕ್ಕಿಳಿಯುತ್ತದೆ, ಅದಕ್ಕೇ ಆ ಚುರುಕು. ಜೊತೆಗೆ ಸುಣ್ಣ ಬಾಯಿಯ ತೆಳು ಪೊರೆಯನ್ನು ಸುಡುತ್ತದೆ. ಸುಟ್ಟ ಜಾಗದಲ್ಲೇ ಮತ್ತೆ ಇಡುತ್ತಾರೆ, ದಿನಕ್ಕೆ ಹತ್ತು ಸಲ, ಇಪ್ಪತ್ತು ವರ್ಷ. ನಮ್ಮ ದೇಶದಲ್ಲಿ ಬಾಯಿ ಕ್ಯಾನ್ಸರ್ ಕೆನ್ನೆಯ ಒಳಮೈ ಮತ್ತು ಕೆಳವಸಡಿನ ಸಂದಿಯಲ್ಲಿ ಅಷ್ಟೊಂದು ಕಾಣಿಸುವುದು ಇದೇ ಕಾರಣಕ್ಕೆ. 2024ರಲ್ಲಿ ಲ್ಯಾನ್ಸೆಟ್ ಆಂಕಾಲಜಿ ಪತ್ರಿಕೆ ಪ್ರಕಟಿಸಿದ ಲೆಕ್ಕದಂತೆ, 2022ರಲ್ಲಿ ಜಗತ್ತಿನಲ್ಲಿ ಹೊಗೆರಹಿತ ತಂಬಾಕು ಮತ್ತು ಅಡಿಕೆಯಿಂದ ಬಂದ ಬಾಯಿ ಕ್ಯಾನ್ಸರುಗಳು ಸುಮಾರು 1,20,000. ಅದರಲ್ಲಿ 83,000ಕ್ಕೂ ಹೆಚ್ಚು ಭಾರತದವೇ.

ಹುಡುಗರ ಕತೆ ಬೇರೆ. ಅವರ ಕೈಯಲ್ಲಿ ಡಬ್ಬಿಯಿಲ್ಲ, ಗುಟಕಾ ಚೀಟಿ ಇದೆ. ಡಬ್ಬಿಯ ತಂಬಾಕಿಗೆ ಹಂಚಿ ತಿನ್ನುವ ರೂಢಿಯಾದರೂ ಇತ್ತು. ಚೀಟಿಯನ್ನು ಹಲ್ಲಿನಿಂದ ಹರಿದು ಒಬ್ಬನೇ ಬಾಯಿಗೆ ಸುರಿದುಕೊಳ್ಳಬಹುದು, ಅಪ್ಪ ಎದುರು ಬಂದರೆ ನುಂಗಿ ನಿಲ್ಲಬಹುದು. ಗುಟಕಾದಲ್ಲಿ, ಮಾವಾದಲ್ಲಿ ಅಡಿಕೆಯದೇ ಮೇಲುಗೈ. ಅಡಿಕೆ ಒಂದೇ ಸಾಕು, ತಂಬಾಕು ಬೆರೆಸದಿದ್ದರೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2003ರಲ್ಲೇ ತೀರ್ಮಾನಿಸಿದೆ. ಅಡಿಕೆ ಬೆಳೆಯುವ ನಾಡಿನಲ್ಲಿ ಈ ಮಾತು ರುಚಿಸುವುದಿಲ್ಲ, ಗೊತ್ತು. ಅಡಿಕೆ ಹೆಚ್ಚು ಅಗಿದವರ ಕೆನ್ನೆಯೊಳಗಿನ ಪೊರೆ ಗಟ್ಟಿಯಾಗಿ ನಾರುಗಟ್ಟುತ್ತದೆ. ಬಾಯಿ ತೆರೆಯುವುದೇ ಕಡಿಮೆಯಾಗುತ್ತ ಬರುತ್ತದೆ. ತನ್ನದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಹಿಡಿಸಲು ಬರದಿದ್ದರೆ ಡಾಕ್ಟರ ಹತ್ತಿರ ಹೋಗುವ ಹೊತ್ತಾಗಿದೆ. ಗೋಕಾಕದ ಕರದಂಟನ್ನು ಒಂದೇ ಸಲ ಕಚ್ಚಿ ತಿನ್ನಬೇಕಾದ ವಯಸ್ಸಿನ ಹುಡುಗ ಅದನ್ನು ಚೂರು ಮಾಡಿ, ತುಟಿಯ ಸಂದಿಯಿಂದ ಒಳಗೆ ತೂರಿಸುತ್ತಿದ್ದರೆ ಗೆಳೆಯರು ನಗುತ್ತಾರೆ. ನಕ್ಕವರಲ್ಲಿ ಒಬ್ಬ ಕೇಳಿದ್ದರೂ ಸಾಕಿತ್ತು.

ಕಾನೂನು ಸುಮ್ಮನಿದೆಯೇ? ಇಲ್ಲ. ಕರ್ನಾಟಕ 2013ರ ಮೇ ಕೊನೆಗೆ ಗುಟಕಾ ನಿಷೇಧಿಸಿತು. ನಿಷೇಧಿಸಿದ್ದು ಬೆರಕೆಯನ್ನು. ಕಂಪನಿಗಳು ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಮಾಡಿ, ಬೆರೆಸುವ ಕೆಲಸವನ್ನು ಗಿರಾಕಿಯ ಅಂಗೈಗೆ ಬಿಟ್ಟವು. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ವಿದ್ಯೆ. 2016ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಈ ಜೋಡಿ ಚೀಟಿಗೂ ಕಡಿವಾಣ ಹಾಕಿ ಅಂತ ರಾಜ್ಯಗಳಿಗೆ ಹೇಳಿತು. 2025ರಲ್ಲಿ ನಮ್ಮ ರಾಜ್ಯದ ತಿದ್ದುಪಡಿ ಕಾಯ್ದೆ ಜಾರಿಗೆ ಬಂದು, ತಂಬಾಕು ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಏರಿತು. ಪಾನ್ ಅಂಗಡಿಯ ಮುಂದೆ ಚೀಟಿಗಳ ಮಾಲೆ ಮಾತ್ರ ಇನ್ನೂ ತೂಗುತ್ತಿದೆ. "ನಾ ಮಾರಲಿಲ್ಲಂದ್ರ ಬಾಜೂದಂವ ಮಾರತಾನ್ರೀ" ಅನ್ನುವ ಅಂಗಡಿಯವನ ಮಾತು ಸುಳ್ಳಲ್ಲ. ಏಲಕ್ಕಿ ಜಾಹೀರಾತಿನ ನೆಪದಲ್ಲಿ ಅದೇ ಹೆಸರಿನ ಪಾನ್ ಮಸಾಲೆಗೆ ಮುಖ ಕೊಡುವ ಕೋಟ್ಯಧಿಪತಿ ನಟರಿಗಿಂತ ಅವನ ತಪ್ಪು ಸಣ್ಣದು.

ಬೈಯಲು ಹೊರಟವರು ಹುಕ್ಕೇರಿ, ಸಂಕೇಶ್ವರ ದಾಟಿ ನಿಪ್ಪಾಣಿಯ ಕಡೆಗೂ ಒಮ್ಮೆ ನೋಡಬೇಕು. ತಂಬಾಕು ಅಲ್ಲಿ ಬೆಳೆ, ಕೂಲಿ, ಬಂಗಲೆ ಎಲ್ಲವೂ ಆಗಿದ್ದ ಕಾಲವಿತ್ತು. 1981ರಲ್ಲಿ ಶರದ್ ಜೋಶಿಯವರ ಮುಂದಾಳತ್ವದಲ್ಲಿ ತಂಬಾಕು ರೈತರು ಬೆಲೆ ಕೇಳಿ ಹೆದ್ದಾರಿಯಲ್ಲಿ ಮೂರು ವಾರಕ್ಕೂ ಹೆಚ್ಚು ಕೂತರು. ಏಪ್ರಿಲ್ 6ರಂದು ಗೋಲೀಬಾರಾಗಿ ರೈತರು ಸತ್ತರು. ಅಲ್ಲಿನ ಕಾರ್ಖಾನೆಗಳಲ್ಲಿ ತಂಬಾಕಿನ ಧೂಳು ಕುಡಿದು ದುಡಿಯುತ್ತಿದ್ದ ಹೆಣ್ಣುಮಕ್ಕಳು ಸಂಘ ಕಟ್ಟಿದ್ದನ್ನು ಯುಗಾಂತರ ಎಂಬ ಮಹಿಳೆಯರ ಬಳಗ 1982ರಲ್ಲಿ ಸಾಕ್ಷ್ಯಚಿತ್ರ ಮಾಡಿತು. ಬೆಳೆದವನು, ಹುರಿದವಳು, ಮಾರಿದವನು, ತಿಂದವನು ಎಲ್ಲರೂ ಹತ್ತೂರಿನ ಒಳಗಿನವರೇ. ತಂಬಾಕಿನ ವಿರುದ್ಧ ಆಡುವ ಮಾತು ನಮ್ಮಲ್ಲಿ ಯಾರೋ ಒಬ್ಬರ ಅನ್ನಕ್ಕೆ ತಾಗಿಯೇ ತಾಗುತ್ತದೆ. ಹಾಗಂತ ಆಡದೆ ಇರುವುದು ಸರಿಯಾಗುವುದಿಲ್ಲ; ಆಡುವಾಗ ದನಿ ತಗ್ಗಬೇಕು, ಅಷ್ಟೆ.

ರೋಗ ಬಂದವರೇ ಮಾತಾಡಿದ ಉದಾಹರಣೆಗಳಿವೆ. ಮಹಾರಾಷ್ಟ್ರದ ಭುಸಾವಳದ ಮುಕೇಶ್ ಹರಾಣೆ 2009ರಲ್ಲಿ ತೀರಿಕೊಂಡಾಗ ಬರೀ 24 ವರ್ಷ. ಆಸ್ಪತ್ರೆಯ ಹಾಸಿಗೆಯಿಂದ ಆತ ಆಡಿದ ಮಾತನ್ನು ದೇಶದ ಎಲ್ಲ ಥಿಯೇಟರುಗಳೂ ತೋರಿಸಿದವು. ನಾವೇನು ಮಾಡಿದೆವು? ಆ ದನಿಯನ್ನು ಅಣಕಿಸಿ ನಕ್ಕೆವು. ಮಧ್ಯಪ್ರದೇಶದ ಸುನೀತಾ ತೋಮರ್ ತಂಬಾಕು ತಿಂದು ಬಾಯಿ ಕ್ಯಾನ್ಸರ್ ಆದವರು, ಸರ್ಕಾರದ ಪ್ರಚಾರಚಿತ್ರದಲ್ಲಿ ಮುಖ ತೋರಿಸಿದವರು. ಪೊಟ್ಟಣದ ಮೇಲಿನ ಎಚ್ಚರಿಕೆಯ ಚಿತ್ರ 2015ರ ಏಪ್ರಿಲ್ 1ರಿಂದ ಶೇ. 85ರಷ್ಟು ಜಾಗಕ್ಕೆ ಹಿಗ್ಗಬೇಕಿತ್ತು. ಅದನ್ನು ಮುಂದೂಡುತ್ತಾರೆ ಅಂತ ತಿಳಿದು ಆಕೆ ಪ್ರಧಾನಿಗೆ ಪತ್ರ ಬರೆದರು. ಆ ಏಪ್ರಿಲ್ 1ರಂದೇ ತೀರಿಹೋದರು, 28ನೇ ವಯಸ್ಸಿಗೆ. ದೊಡ್ಡ ಚಿತ್ರ ಬಂದದ್ದು ಒಂದು ವರ್ಷದ ಮೇಲೆ.

ಇವರಿಬ್ಬರ ಧೈರ್ಯ ದೊಡ್ಡದು. ಆದರೂ ಬಾಯಿ ಕಳೆದುಕೊಂಡವರ ಬಾಯಿಂದಲೇ ನೀತಿ ಹೇಳಿಸುವ ಈ ಪದ್ಧತಿ ನನಗೆ ಸರಿ ಕಾಣುವುದಿಲ್ಲ. ಅವರ ಪಾಡು ಹೇಗಿರುತ್ತದೆ ನೋಡಿ. ನಮ್ಮ ಕಡೆಯ ರೋಗಿಗಳು ಘಟಪ್ರಭಾದಿಂದ ರೈಲು ಹತ್ತಿ ಮಿರಜಕ್ಕೆ ಹೋಗುತ್ತಾರೆ, ಇಲ್ಲವೇ ಬೆಳಗಾವಿಗೆ, ಹುಬ್ಬಳ್ಳಿಯ ನವನಗರಕ್ಕೆ. ಕೆನ್ನೆ ತೆಗೆದ ಜಾಗಕ್ಕೆ ಎದೆಯ ಮಾಂಸ ತಂದು ಹೊಲಿಯುತ್ತಾರೆ. ಎದೆಯ ಚರ್ಮವಾದ್ದರಿಂದ ಬಾಯೊಳಗೆ ಕೂದಲು ಬೆಳೆಯುವುದೂ ಉಂಟು. ಅಂಥವನು ಟವೆಲ್ಲನ್ನು ಮೂಗಿನ ತನಕ ಸುತ್ತಿಕೊಂಡು ಊರಿಗೆ ಮರಳುತ್ತಾನೆ. ಮದುವೆಯ ಪಂಗತಿಯಲ್ಲಿ ಕೂರುವುದಿಲ್ಲ, ನೀರು ಕುಡಿದರೆ ಪಕ್ಕದಿಂದ ಇಳಿಯುತ್ತದೆ ಅಂತ ಅಂಜಿಕೆ. ಅಲ್ಲಿಯ ತನಕ ಒಂದು ಮಾತೂ ಆಡದ ಊರು ಆಗ ಮಾತಾಡುತ್ತದೆ: "ತಿಂದಾನ, ಉಣ್ಣಲಿ." ಮಾಡಿದ್ದುಣ್ಣೋ ಮಹಾರಾಯ ಅನ್ನುವುದು ಎಷ್ಟು ಸಲೀಸು! ಅದೇ ಮಂದಿ ಮೊನ್ನೆ ಮೊನ್ನೆಯ ತನಕ ಅವನ ಡಬ್ಬಿಗೆ ಕೈ ಚಾಚಿದವರು. ಮುಂಚೆ ಮೌನ, ಆಮೇಲೆ ಮೂದಲಿಕೆ. ಇವೆರಡರ ನಡುವೆ ಮಾತಿಗೆ ಬೆಲೆಯಿದ್ದ ಐದಾರು ವರ್ಷ ಜಾರಿಹೋಗಿರುತ್ತವೆ.

ಮಾತಿಗೆ ಬೆಲೆಯಿದೆ ಅನ್ನುವುದು ಬರೀ ಹಿತವಚನವಲ್ಲ. ಕೇರಳದ ತಿರುವನಂತಪುರ ಜಿಲ್ಲೆಯ 13 ಪಂಚಾಯಿತಿಗಳಲ್ಲಿ 1996ರಿಂದ ಒಂದು ಅಧ್ಯಯನ ನಡೆಯಿತು. ಡಾಕ್ಟರುಗಳಲ್ಲದ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮನೆಮನೆಗೆ ಕಳಿಸಿದರು. ಅವರ ಕೆಲಸ ಬಾಯಿ ತೆರೆಸಿ ಕಣ್ಣಿನಿಂದ ನೋಡುವುದು, ಸಂಶಯ ಬಂದರೆ ಆಸ್ಪತ್ರೆಗೆ ಹೋಗಿ ಅನ್ನುವುದು. 2005ರಲ್ಲಿ ಫಲಿತಾಂಶ ಬಂತು: ತಂಬಾಕು ಅಥವಾ ಸೆರೆಯ ಚಟ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಮೂರರಲ್ಲಿ ಒಂದು ಪಾಲು ಇಳಿದಿತ್ತು. ಯಂತ್ರವಿಲ್ಲ, ರಕ್ತ ತೆಗೆಯುವುದಿಲ್ಲ. ನೋಡಿದರು, ಹೇಳಿದರು. ಈಗ ಮೂವತ್ತು ದಾಟಿದವರ ಬಾಯಿ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಬಿಪಿ, ಶುಗರ್ ಬರೆಸಿ ಕಳಿಸುವವರು ಬಾಯಿಯ ವಿಚಾರವನ್ನೂ ಎತ್ತಬಹುದು.

ಆಕೆ ಬರುವ ತನಕ ಕಾಯಬೇಕಿಲ್ಲ. ಗಡ್ಡ ಕೆರೆಯುವ ನಾವಲಿಗ ವಾರಕ್ಕೊಮ್ಮೆ ಆ ಕೆನ್ನೆಯನ್ನು ಬೆರಳಿನಿಂದ ಎಳೆದು ಹಿಡಿಯುತ್ತಾನೆ. ಅದರ ಬಿಗಿ ಮೊದಲು ತಿಳಿಯುವುದು ಅವನಿಗೆ. ಖಾರ ಹತ್ತುವ ಸಂಗತಿ ತಿಳಿದವಳು ಹೆಂಡತಿ. ತಂಬಾಕು ಹಂಚಿ ತಿನ್ನುವ ಗೆಳೆಯನಿಗಂತೂ ಎಲ್ಲವೂ ಗೊತ್ತು, ಹೇಳುವ ಸಲಿಗೆಯೂ ಅವನಿಗೇ ಹೆಚ್ಚು. ತಾನೂ ತಿನ್ನುತ್ತ ಹೇಗೆ ಹೇಳಲಿ ಅನ್ನುವ ಸಂಕೋಚ ಬೇಡ. ಇಬ್ಬರೂ ಮೊಬೈಲಿನ ಬ್ಯಾಟರಿ ಹಚ್ಚಿ ಒಬ್ಬರ ಬಾಯಿ ಒಬ್ಬರು ನೋಡಿಕೊಳ್ಳಬಹುದು. "ಸಾಯತಿ ನೋಡ" ಅನ್ನುವುದಕ್ಕಿಂತ "ಬಾಯಿ ತೋರಸ" ಅನ್ನುವುದು ಸುಲಭ, ಕೆಲಸಕ್ಕೂ ಬರುತ್ತದೆ. ಎರಡು ವಾರದಲ್ಲಿ ಮಾಯದ ಹುಣ್ಣು, ತಿಕ್ಕಿದರೂ ಹೋಗದ ಮಚ್ಚೆ, ಒಳಗೆ ಹೋಗದ ಮೂರು ಬೆರಳು, ಇಷ್ಟು ನೋಡಲು ಓದು ಬೇಕಾಗಿಲ್ಲ.

"ನಮ್ಮಜ್ಜ ಎಂಬತ್ತ ವರ್ಷ ತಿಂದಾನ, ಏನೂ ಆಗಿಲ್ಲ" ಅನ್ನುವ ಉತ್ತರ ಬಂದೇ ಬರುತ್ತದೆ. ಅಂಥ ಅಜ್ಜ ಪ್ರತಿ ಓಣಿಯಲ್ಲೂ ಒಬ್ಬ ಇದ್ದಾನೆ. ನಲವತ್ತಕ್ಕೇ ಹೋದವರು ಕಟ್ಟೆಗೆ ಬಂದು ಎದುರುವಾದ ಮಾಡುವುದಿಲ್ಲವಾದ್ದರಿಂದ ಅಜ್ಜನೇ ಗೆಲ್ಲುತ್ತಾನೆ. ವಾದಕ್ಕೆ ಇಳಿಯದೆ ಇರುವುದು ಒಳ್ಳೆಯದು. ಬಿಡುತ್ತೇನೆ ಅಂದವನಿಗೆ 1800-11-2356 ಎಂಬ ಪುಕ್ಕಟೆ ಸಹಾಯವಾಣಿ ಇದೆ. ನಂಬರು ಕೊಟ್ಟು ಕೈ ತೊಳೆದುಕೊಂಡರೆ ಆಗದು. ಮೊದಲ ವಾರಗಳಲ್ಲಿ ಅವನಿಗೆ ತಲೆ ನೋಯುತ್ತದೆ, ನಿದ್ದೆ ಹಾರುತ್ತದೆ, ಸಣ್ಣದಕ್ಕೂ ಸಿಟ್ಟು. ಹೇಳಿದವನೇ ಕಿಸೆಯಲ್ಲಿ ಬಡೇಸೋಪು ಇಟ್ಟುಕೊಂಡು ಆ ಸಿಟ್ಟಿನ ಪಕ್ಕದಲ್ಲಿ ಕೂರಬೇಕಾಗುತ್ತದೆ. ಬಹಳಷ್ಟು ಮಂದಿ ಬಿಟ್ಟು ಮತ್ತೆ ಹಿಡಿಯುತ್ತಾರೆ. ಆಗ ಎರಡನೇ ಸಲ ಹೇಳಬೇಕು, ಅದು ಮೊದಲ ಸಲಕ್ಕಿಂತ ಕಷ್ಟ. "ನಿನಗ್ಯಾಕ ಬೇಕೊ ನನ್ನ ಉಸಾಬರಿ" ಅಂತ ಬೈಸಿಕೊಳ್ಳಬೇಕಾದೀತು. ಬೈಸಿಕೊಂಡವನು ಮುಂದಿನ ಸಂತೆಗೆ ಹೋಗುವಾಗ ಬೈದವನನ್ನೇ ಗಾಡಿಯ ಹಿಂದೆ ಕೂರಿಸಿಕೊಂಡು, ಹಾಗೇ ಹಲ್ಲಿನ ಡಾಕ್ಟರ ಬಾಗಿಲಿಗೆ ನಿಲ್ಲಿಸಬಹುದು.