ಮಗನನ್ನು ಯಾರ ಕೈಗೆ ಒಪ್ಪಿಸುತ್ತೀರಿ?

ಹತ್ತನೇ ತರಗತಿಯ ಫಲಿತಾಂಶ ಬಂದ ಬಳಿಕ ನಮ್ಮ ಬಹಳಷ್ಟು ಮನೆಗಳಲ್ಲಿ ಒಂದೇ ಚರ್ಚೆ. ಹುಡುಗನನ್ನು ಎಲ್ಲಿಗೆ ಹಾಕುವುದು? ಕಾಲೇಜಿಗೆ ಕಳುಹಿಸುವ ಅನುಕೂಲವಿಲ್ಲ, ಇಲ್ಲವೇ ಅವನಿಗೇ ಅದರಲ್ಲಿ ಮನಸ್ಸಿಲ್ಲ. ಗ್ಯಾರೇಜಿಗೋ, ಬಡಗಿಯ ಬಳಿಗೋ, ಐಟಿಐ ಮುಗಿಸಿ ಅಪ್ರೆಂಟಿಸ್ ತರಬೇತಿಗೋ? ಆಗ ಹಿರಿಯರು ಮೊದಲು ಕೇಳುವುದು, 'ತಿಂಗಳಿಗೆ ಎಷ್ಟು ಕೊಡುತ್ತಾರೆ?' ಎಂದು. ಅನಂತರ, 'ಮುಂದೆ ಖಾಯಂ ಮಾಡುತ್ತಾರೆಯೇ?' ಎಂದು. ಇವು ಕೇಳಬೇಕಾದ ಪ್ರಶ್ನೆಗಳೇ. ಆದರೆ 'ಕಲಿಸುವವನು ಎಂಥವನು?' ಎಂದು ವಿಚಾರಿಸುವವರು ಎಷ್ಟು ಮಂದಿ?

ವಿಜಯಪುರ ಜಿಲ್ಲೆಯ ತಿಕೋಟಾ ತಾಲೂಕಿನ ಬಿಜ್ಜರಗಿಯಂತಹ ಊರನ್ನು ಕಣ್ಣ ಮುಂದೆ ತಂದುಕೊಳ್ಳಿ. ದ್ರಾಕ್ಷಿ ಮತ್ತು ಒಣದ್ರಾಕ್ಷಿಗೆ ಹೆಸರಾದ ಸೀಮೆ ಅದು. ಬೇಸಿಗೆಯಲ್ಲಿ ಕೊಯ್ದ ಗೊನೆಗಳನ್ನು ದ್ರಾವಣದಲ್ಲಿ ಅದ್ದಿ, ಶೆಡ್ಡಿನ ನೆರಳಿನಲ್ಲಿ ಅಂತಸ್ತು ಅಂತಸ್ತಾಗಿ ಹರಡಿ ಎರಡು ಮೂರು ವಾರ ಒಣಗಿಸುತ್ತಾರೆ. ಹರಡುವುದಕ್ಕೆ, ಆರಿಸುವುದಕ್ಕೆ ದಿನಗೂಲಿ ಸಿಗುತ್ತದೆ. ಅದೇ ತೋಟದಲ್ಲಿ ಎಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ನಡೆಯುವ ಚಾಟ್ನಿಯ ಕೆಲಸ ಬೇರೆ. ಯಾವ ಕಡ್ಡಿಯನ್ನು ಎಲ್ಲಿ ಕತ್ತರಿಸಬೇಕು, ಎಷ್ಟು ಕಣ್ಣು ಉಳಿಸಬೇಕು ಎಂಬುದು ನೋಡಿ ನೋಡಿ ಕೈಗೆ ಹತ್ತುವ ವಿದ್ಯೆ. ತಪ್ಪಿದರೆ ರೈತನ ಒಂದು ವರ್ಷದ ಬೆಳೆಯೇ ಕೆಟ್ಟೀತು. ಆದ್ದರಿಂದ ಕತ್ತರಿ ಹೊಸಬನ ಕೈಗೆ ಬೇಗ ಬರುವುದಿಲ್ಲ. ಶೆಡ್ಡಿನ ಕೂಲಿ ಅಂದಿನ ಲೆಕ್ಕಕ್ಕೇ ಮನೆ ಸೇರುತ್ತದೆ. ಚಾಟ್ನಿ ಕಲಿಯುವವನು ಕಾಯಬೇಕು. ಗ್ಯಾರೇಜಿನಲ್ಲಿ ಸ್ಪ್ಯಾನರ್ ಎತ್ತಿಕೊಡುತ್ತಾ ನಿಂತ ಹುಡುಗನ ಸ್ಥಿತಿಯೂ ಇದೇ.

ಕಾಯುವ ಈ ದಿನಗಳಲ್ಲಿ ಹುಡುಗ ಏನನ್ನು ಕಲಿಯುತ್ತಾನೆ? ಕೇವಲ ಕಸುಬನ್ನಲ್ಲ. ಉಸ್ತಾದ್ ಗಿರಾಕಿಯೊಡನೆ ಆಡುವ ಮಾತು, ಹಳೆಯ ಸಾಮಾನು ಹಾಕಿ ಹೊಸದರ ಬಿಲ್ಲು ಬರೆಯುವ ಕೈಚಳಕ, ಅಸರ್‌ನ ಬಾಂಗ್ ಕೇಳಿದಾಗ ಅವನ ಮುಖದಲ್ಲಿ ಮೂಡುವ ಭಾವ, ಇವೆಲ್ಲವನ್ನೂ ಅವನು ಕಲಿಯುತ್ತಾನೆ. ಯಾರೂ ಪಾಠ ಹೇಳಬೇಕಾಗಿಲ್ಲ. ಪ್ರವಾದಿವರ್ಯರು(ಸ) ಒಳ್ಳೆಯ ಮತ್ತು ಕೆಟ್ಟ ಸಂಗಾತಿಗಳನ್ನು ಕಸ್ತೂರಿ ಮಾರುವವನಿಗೂ ತಿದಿ ಊದುವವನಿಗೂ ಹೋಲಿಸಿದ್ದನ್ನು ನೀವು ಕೇಳಿರಬಹುದು. ಮೊದಲನೆಯವನ ಬಳಿ ಏನನ್ನೂ ಕೊಳ್ಳದಿದ್ದರೂ ಪರಿಮಳವಾದರೂ ತಾಗುತ್ತದೆ. ಎರಡನೆಯವನ ಬಳಿ ಬಟ್ಟೆ ಸುಡಬಹುದು, ಇಲ್ಲವೇ ದುರ್ಗಂಧವಾದರೂ ಅಂಟುತ್ತದೆ. ಅಂಗಡಿಗೆ ಬಂದುಹೋಗುವ ಗೆಳೆಯನಿಗೇ ಹೀಗಾದರೆ, ಬೆಳಗಿನಿಂದ ಸಂಜೆಯವರೆಗೆ ಎರಡು ವರ್ಷ ಜೊತೆಗಿರುವ ಶಾಗಿರ್ದನಿಗೆ ಏನೆಲ್ಲ ಅಂಟಬಹುದು!

ಈ ಉಪಮೆಯನ್ನು ಹಿಡಿದು ಕಮ್ಮಾರಿಕೆಯನ್ನೇ ಹೀನವೆಂದು ತಿಳಿಯುವವರಿದ್ದಾರೆ. ಅದು ಸರಿಯಲ್ಲ. ದಾವೂದ್(ಅ)ರಿಗೆ ಅಲ್ಲಾಹನು ಕಬ್ಬಿಣವನ್ನು ಮೃದುಗೊಳಿಸಿಕೊಟ್ಟು, ಕವಚ ನೇಯುವುದನ್ನು ಕಲಿಸಿದ್ದನ್ನು ಪವಿತ್ರ ಕುರ್‌ಆನ್ ಹೇಳುತ್ತದೆ. ಕೊಂಡಿಗಳ ಅಳತೆ ಸರಿಯಾಗಿರಬೇಕೆಂಬ ಆದೇಶವೂ ಅಲ್ಲಿದೆ. ಪ್ರವಾದಿಯೊಬ್ಬರಿಗೆ ಕೊಟ್ಟ ಆದೇಶದಲ್ಲಿ ಕಸುಬಿನ ಅಳತೆಯ ಮಾತೂ ಸೇರಿರುವಾಗ, ಎಣ್ಣೆ ಹತ್ತಿದ ಕೈಗಳನ್ನು ಕಂಡು ಮೂಗು ಮುರಿಯಲು ನಾವು ಯಾರು? ಝಕರಿಯ್ಯಾ(ಅ) ಬಡಗಿಯಾಗಿದ್ದರು. ಹೆಣ್ಣು ಕೊಡುವಾಗ ಆಫೀಸಿನ ಗುಮಾಸ್ತನನ್ನು ಹುಡುಕಿ, ಫಿಟ್ಟರ್ ಹುಡುಗನನ್ನು ಬೇಡವೆನ್ನುವ ಮನೆತನಗಳು ಇದನ್ನು ಸ್ವಲ್ಪ ಯೋಚಿಸಲಿ.

ಹಾಗೆಂದು ಎಲ್ಲ ಕಸುಬೂ ಒಂದೇ ಅಲ್ಲ. ಒಣಗಿ ತಟ್ಟೆಗೆ ಬರುವ ದ್ರಾಕ್ಷಿಯೇ ಹಿಂಡಿ ಮದ್ಯವೂ ಆಗಬಲ್ಲದು. ಮದ್ಯಕ್ಕಾಗಿ ಹಿಂಡುವವನೂ ಹೊರುವವನೂ ಪಾಪದಲ್ಲಿ ಪಾಲುದಾರರೆಂದು ಹದೀಸ್ ಎಚ್ಚರಿಸಿದೆ. ಅಲ್ಲಿನ ತರಬೇತಿ ಎಷ್ಟೇ ಆಕರ್ಷಕವಾಗಿರಲಿ, ಈ ಬಾಗಿಲು ನಮಗಲ್ಲ. ಇದು ಸುಲಭದ ತೀರ್ಮಾನ. ಕಷ್ಟವಿರುವುದು ಹಲಾಲ್ ಕಸುಬಿನೊಳಗೇ ನಡೆಯುವ ಮೋಸದಲ್ಲಿ. ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಹಾಕಿದ ಪ್ರವಾದಿವರ್ಯರ(ಸ) ಬೆರಳಿಗೆ ಒದ್ದೆ ತಾಗಿದಾಗ, ಮೋಸಗಾರನು ನಮ್ಮವನಲ್ಲವೆಂದು ಅವರು ಸಾರಿದರು. ಮೇಲೆ ಹೊಳೆಯುವ ಕಾಳು, ಕೆಳಗೆ ಕಳಪೆ ಮಾಲು ತುಂಬಿದ ಒಣದ್ರಾಕ್ಷಿ ಪೆಟ್ಟಿಗೆಯೂ ಅದೇ ರಾಶಿ. ಅದನ್ನು ತುಂಬಲು ಹದಿನಾರರ ಹುಡುಗನಿಗೆ ಹೇಳಿದರೆ ಅವನು ಇಲ್ಲವೆನ್ನಬಲ್ಲನೇ? ಕಲಿಯುವವನಿಗೆ ಎದುರಾಡುವ ಬಲವಿಲ್ಲ. ಆ ಬಲ ಇರುವುದು ಸೇರಿಸುವ ದಿನ ನಿಮಗೆ ಮಾತ್ರ.

ಇನ್ನು ಕರಾರಿನ ವಿಷಯ. ನಮ್ಮಲ್ಲಿ 'ಹುಡುಗ ನಿಮ್ಮವನೇ, ನೋಡಿಕೊಳ್ಳಿ' ಎಂಬ ಒಂದು ಮಾತಿನಲ್ಲಿ ಎಲ್ಲವೂ ಮುಗಿಯುತ್ತದೆ. ಎಷ್ಟು ವರ್ಷ, ಏನು ಕಲಿಸಬೇಕು, ಎಷ್ಟು ಕೊಡಬೇಕು ಎಂಬುದು ಇಬ್ಬರಿಗೂ ತಿಳಿಯದು. ಆಮೇಲೆ ಎರಡು ವರ್ಷ ಚಹಾ ತಂದುಕೊಟ್ಟದ್ದೇ ಕಲಿಕೆ! ಮೂಸಾ(ಅ) ಮದ್‌ಯನ್‌ನಲ್ಲಿ ದುಡಿಯಲು ನಿಂತಾಗ ಆ ವೃದ್ಧರು ಎಂಟು ವರ್ಷವೆಂದು ಅವಧಿ ಹೇಳಿದರು. ಹತ್ತು ಪೂರೈಸುವುದನ್ನು ಮೂಸಾ(ಅ)ರ ಇಷ್ಟಕ್ಕೆ ಬಿಟ್ಟರು. ನಿಮ್ಮನ್ನು ಕಷ್ಟಕ್ಕೆ ಗುರಿಪಡಿಸಲಾರೆನೆಂದೂ ಹೇಳಿದರು. ಮೂಸಾ(ಅ) ದೀರ್ಘ ಅವಧಿಯನ್ನೇ ಪೂರ್ತಿಗೊಳಿಸಿದರೆಂದು ಇಬ್ನು ಅಬ್ಬಾಸ್(ರ) ತಿಳಿಸಿದ್ದಾರೆ. ಕೈಗೆ ಸ್ವಲ್ಪ ಕೆಲಸ ಹತ್ತಿದೊಡನೆ ಉಸ್ತಾದನನ್ನು ಬಿಟ್ಟು ಎದುರಿನ ಅಂಗಡಿ ಸೇರುವ ಹುಡುಗರು ಈ ಕೊನೆಯ ಮಾತನ್ನು ಗಮನಿಸಬೇಕು. ಕರಾರು ಅವರ ಮೇಲೂ ಇದೆ.

ದೇಶದ ಕಾನೂನೂ ಇದನ್ನೇ ಬಯಸುತ್ತದೆ. 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ತರಬೇತಿಗೆ ಲಿಖಿತ ಒಪ್ಪಂದವಿರಬೇಕು. ಹುಡುಗ ಅಪ್ರಾಪ್ತನಾದರೆ ಪೋಷಕರು ಸಹಿ ಹಾಕಬೇಕು. 2019ರ ನಿಯಮಗಳು ಹತ್ತನೇ ತರಗತಿ ಮುಗಿಸಿದವನಿಗೆ ತಿಂಗಳಿಗೆ 6,000 ರೂಪಾಯಿ, ಐಟಿಐ ಪ್ರಮಾಣಪತ್ರವಿದ್ದವನಿಗೆ 7,000 ರೂಪಾಯಿ ಕನಿಷ್ಠ ಭತ್ತೆಯನ್ನು ಗೊತ್ತುಪಡಿಸಿದವು. 30 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು. ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಡ್ಡಾಯ ಮಾತ್ರ ಇಲ್ಲ. ಖಾಯಂ ಮಾಡಿಸುತ್ತೇನೆಂದು ದುಡ್ಡು ಕೇಳುವ ಮಧ್ಯವರ್ತಿಯನ್ನು ನಂಬುವ ಮೊದಲು ಇದು ನೆನಪಿರಲಿ. ಹದಿನಾಲ್ಕು ತುಂಬದ ಮಕ್ಕಳನ್ನು ಕೆಲಸಕ್ಕಿಡುವುದನ್ನು 2016ರ ತಿದ್ದುಪಡಿ ನಿಷೇಧಿಸಿದೆ. ಶಾಲೆ ಮುಗಿಸಿ ಬಂದು ಮನೆಯವರ ಕೆಲಸಕ್ಕೆ ನೆರವಾಗುವುದು ಅದಕ್ಕೆ ಹೊರತು. ಹದಿನೆಂಟು ತುಂಬದವರನ್ನು ಅಪಾಯಕಾರಿ ಕೆಲಸಕ್ಕೆ ಇಡುವಂತಿಲ್ಲ. ನೆರೆಮನೆಯ ಗ್ಯಾರೇಜು ಈ ಕಾಯಿದೆಯ ಲೆಕ್ಕಕ್ಕೆ ಬರದಿರಬಹುದು. ಆದರೆ ಒಂದು ಹಾಳೆಯಲ್ಲಿ ಅವಧಿ, ಭತ್ತೆ, ಕಲಿಸುವ ಕೆಲಸಗಳನ್ನು ಬರೆದು ಇಬ್ಬರು ಸಾಕ್ಷಿಗಳ ಸಹಿ ಹಾಕಿಸಲು ಯಾವ ಇಲಾಖೆಯ ಅಪ್ಪಣೆಯೂ ಬೇಡ. ಸಾಲವನ್ನು ಬರೆದಿಡಿರೆಂದು ಆಜ್ಞಾಪಿಸಿದ ಗ್ರಂಥದ ಅನುಯಾಯಿಗಳು ಬರೆಯಲು ಸಂಕೋಚಪಡುವುದೇಕೆ?

'ಇದೆಲ್ಲ ಹೊಟ್ಟೆ ತುಂಬಿದವರ ಮಾತು' ಎಂದು ಯಾರಾದರೂ ಹೇಳಬಹುದು. ಮನೆಯ ಮೇಲೆ ಸಾಲ, ತಂದೆಗೆ ಕಾಯಿಲೆ, ಮದುವೆಗೆ ಬಂದ ಅಕ್ಕ. ಆ ಹುಡುಗ ಒಳ್ಳೆಯ ಉಸ್ತಾದನನ್ನು ಹುಡುಕುತ್ತಾ ಕೂರಲಾರ. ಶೆಡ್ಡಿನ ಕೂಲಿಗೆ ಹೋಗುತ್ತಾನೆ. ಹೋಗಲಿ. ಹೆತ್ತವರಿಗಾಗಿ ಹರಿಸಿದ ಬೆವರು ಅಲ್ಲಾಹನ ಬಳಿ ವ್ಯರ್ಥವಾಗದು. ಅವನನ್ನು ಯಾರೂ ಹಳಿಯಬಾರದು. ಆದರೆ ಆ ಕೂಲಿಯನ್ನು 'ತರಬೇತಿ' ಎಂದು ಕರೆದು ಐದು ವರ್ಷ ಅಲ್ಲಿಯೇ ಬಿಟ್ಟರೆ, ಇಪ್ಪತ್ತೊಂದರಲ್ಲೂ ಅವನ ಕೈಯಲ್ಲಿ ಕಸುಬು ಇರುವುದಿಲ್ಲ. ಈ ಒಂದು ಹಂಗಾಮು ಕೂಲಿ, ಮುಂದಿನ ಅಕ್ಟೋಬರ್ ಚಾಟ್ನಿಗೆ ಕಲಿಕೆ ಎಂದು ತಂದೆ ಈಗಲೇ ದಿನ ಗೊತ್ತುಮಾಡಬೇಕು.

ಇಲ್ಲಿ ನಮ್ಮ ಜಮಾಅತ್‌ಗಳಿಗೂ ಒಂದು ಪಾತ್ರವಿದೆ. ಝಕಾತ್‌ನ ಹಕ್ಕುದಾರರಲ್ಲಿ ಸಾಲದ ಹೊರೆ ಹೊತ್ತವರನ್ನು ಕುರ್‌ಆನ್ ಹೆಸರಿಸಿದೆ. ನಾವಾದರೋ ರಮಝಾನ್‌ನಲ್ಲಿ ಬಾಗಿಲಿಗೆ ಬಂದವರಿಗೆಲ್ಲ ಚಿಲ್ಲರೆ ಹಂಚಿ ಕೈತೊಳೆದುಕೊಳ್ಳುತ್ತೇವೆ. ನಾಲ್ಕು ಮನೆಯವರು ತಮ್ಮ ಝಕಾತ್ ಸೇರಿಸಿ ಅಂತಹ ಒಂದು ಮನೆಯ ಸಾಲ ತೀರಿಸಿದರೆ, ಆ ಹುಡುಗ ಎರಡು ವರ್ಷ ನೆಮ್ಮದಿಯಿಂದ ಕಲಿಯಬಲ್ಲ. ನಿಮ್ಮ ಮೊಹಲ್ಲಾದಲ್ಲಿ ಅಂತಹ ಮನೆ ಯಾವುದು ಎಂಬುದು ಮಸೀದಿಯ ಕಮಿಟಿಗೆ ಗೊತ್ತಿರುತ್ತದೆ. ಮುಂದಿನ ಜುಮಾದ ಬಳಿಕ ವಿಚಾರಿಸಿ ನೋಡಿ.