ಇಲ್ಲೇ ಕುಂತಂಗ ಆಗ್ತೈತಿ

ಬಾದಾಮಿಯ ಬನಶಂಕರಿ ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ರೊಟ್ಟಿ, ಹಿಂಡಿ, ಮೊಸರು ಮಾರುವ ಹೆಂಗಸರಿದ್ದಾರೆ. "ನನಗ ಬರೇ ಮೊಸರು ಸಾಕವ್ವಾ" ಎನ್ನುವ ಹಿರಿಯರನ್ನು ಕಂಡರೆ ನನಗೆ ಅನುಮಾನ. ಬಾಗಲಕೋಟೆ ಸೀಮೆಯಲ್ಲಿ ಮುದುಕರ ಗಟ್ಟಿತನವನ್ನು ಅಳೆಯುವುದೇ ರೊಟ್ಟಿಯಿಂದ. ಅದು ಇಳಿಯುತ್ತಿಲ್ಲ ಎಂದು ಹೇಳಿಕೊಳ್ಳಲು ಸಂಕೋಚ. ಖಡಕ್ ರೊಟ್ಟಿ ಹೋಗಿ ಬಿಸಿರೊಟ್ಟಿ ಬರುತ್ತದೆ, ಆಮೇಲೆ ಹಾಲಿನಲ್ಲಿ ನೆನೆಸಿದ್ದು, ಕಡೆಗೆ ನುಚ್ಚು, ಮಜ್ಜಿಗೆ. "ಹಲ್ಲಿಲ್ಲಲ್ಲ, ಅದಕ್ಕ" ಅನ್ನುತ್ತಾಳೆ ಸೊಸೆ. ಆಯಿ ಮಾತ್ರ ಎದೆಯ ನಡುವೆ ಬೆರಳಿಟ್ಟು, "ಇಲ್ಲೇ ಕುಂತಂಗ ಆಗ್ತೈತಿ" ಅನ್ನುತ್ತಾಳೆ.

ಆ ಬೆರಳನ್ನು ನಂಬಬೇಕು. ಅನ್ನನಾಳ ಸುಮಾರು 25 ಸೆಂ.ಮೀ. ಉದ್ದದ ಮೆತ್ತನೆಯ ಕೊಳವೆ. ಅದಕ್ಕೆ ತಾಗಿಕೊಂಡೇ ಇಳಿಯುತ್ತದೆ ಮಹಾಪಧಮನಿ ಎಂಬ ದೊಡ್ಡ ರಕ್ತನಾಳ. ವರ್ಷಗಟ್ಟಲೆ ಬಿಪಿಯ ಹೊಡೆತ ತಿಂದ ಆ ನಾಳ ಬಿರುಸಾಗಿ, ಹಿಗ್ಗಿ, ಸೊಟ್ಟಗಾಗಿ ಅನ್ನನಾಳವನ್ನು ಒತ್ತುವುದುಂಟು. ಬೆನ್ನು ಬಾಗಿದ, ಗಿಡ್ಡ ಮೈಯ ವೃದ್ಧೆಯರಲ್ಲಿ ಹೆಚ್ಚು, ಆದರೂ ಅಪರೂಪವೇ. ಕೆಲವರಿಗಂತೂ ಬಲಗೈಗೆ ಹೋಗುವ ರಕ್ತನಾಳ ಹುಟ್ಟಿನಿಂದಲೇ ಅನ್ನನಾಳದ ಹಿಂದೆ ಹಾಯ್ದಿರುತ್ತದೆ. ಇಂಗ್ಲೆಂಡಿನ ಡೇವಿಡ್ ಬೇಫೋರ್ಡ್ 1794ರಲ್ಲೇ ಇದನ್ನು ಬರೆದಿಟ್ಟ. ಹರೆಯದಲ್ಲಿ ಸುಮ್ಮನಿದ್ದದ್ದು ಮುಪ್ಪಿನಲ್ಲಿ ನಾಳ ಗಟ್ಟಿಯಾದ ಮೇಲೆ ಕಾಡಬಹುದು.

ನುಂಗಲು ಕಷ್ಟವಾಗುವುದು ಲಕ್ವಾದಲ್ಲೂ ಉಂಟು, ಆದರೆ ಅದರ ಕಥೆ ಬೇರೆ. ಅಲ್ಲಿ ಕೆಟ್ಟಿರುವುದು ಮಿದುಳಿನ ರಕ್ತನಾಳ. ರೊಟ್ಟಿಗಿಂತ ನೀರೇ ಕಷ್ಟ, ಒಂದು ಗುಟುಕಿಗೇ ಕೆಮ್ಮು. ಕರುಣೆಯಿಂದ ಬಾಯಿಗೆ ಸುರಿದ ನೀರು ಪುಪ್ಪುಸಕ್ಕಿಳಿದು ನ್ಯುಮೋನಿಯಾ ಆದೀತು. ನುಂಗುವುದನ್ನು ವೈದ್ಯರು ಪರೀಕ್ಷಿಸುವ ತನಕ ಏನನ್ನೂ ಕುಡಿಸಬಾರದು.

ರಕ್ತನಾಳ ಕೆಡುವುದಕ್ಕೆ ಬಿಪಿಯೊಂದೇ ಕಾರಣವಲ್ಲ, ಚಟವೂ ಹೌದು. ಇಳಕಲ್ಲಿನ ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಬೀಡಿ, ತಂಬಾಕು, ಸೆರೆಯ ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರ ಹುಟ್ಟುಹಬ್ಬ, ಆಗಸ್ಟ್ 1, ರಾಜ್ಯದಲ್ಲಿ ವ್ಯಸನಮುಕ್ತ ದಿನ. ಹೊಗೆಯಷ್ಟು ರಕ್ತನಾಳವನ್ನು ಕೆಡಿಸುವಂಥದ್ದು ಕಡಿಮೆ. ಹಾಗೆ ನೋಡಿದರೆ ಆ ಜೋಳಿಗೆ ಮಾಡಿದ್ದು ವೈದ್ಯವೇ.

ರೊಟ್ಟಿ ಸಿಕ್ಕಿಕೊಳ್ಳುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಮೊದಲು ಎಂಡೋಸ್ಕೋಪಿ ಆಗಲಿ. ಕ್ಯಾನ್ಸರ್ ಅಲ್ಲವೆಂದು ಖಚಿತವಾಗಬೇಕು. ಅದರಲ್ಲಿ ಏನೂ ಕಾಣದಿದ್ದರೂ ತ್ರಾಸು ಉಳಿದಿದ್ದರೆ, ಎದೆಯ ಸಿ.ಟಿ. ಬೇಕೇ ಎಂದು ವೈದ್ಯರನ್ನು ಕೇಳಿ. ರಕ್ತನಾಳವು ಅನ್ನನಾಳವನ್ನು ಒತ್ತುತ್ತಿರುವವರಲ್ಲಿ ಬಹಳಷ್ಟು ಜನಕ್ಕೆ ಆಪರೇಷನ್ ಬೇಕಾಗುವುದಿಲ್ಲ. ಬಿಪಿ ಹತೋಟಿ, ಮೆತ್ತನೆಯ ಊಟ, ಸಣ್ಣ ತುತ್ತು, ನೆಟ್ಟಗೆ ಕೂತು ಉಣ್ಣುವುದು, ಇಷ್ಟರಲ್ಲೇ ಸುಧಾರಿಸುತ್ತಾರೆ. ಮುಂದಿನ ಸಲ ಊರಿಗೆ ಹೋದಾಗ ಆಯಿಯ ಗಂಗಾಳದಲ್ಲಿ ರೊಟ್ಟಿ ಇದೆಯೇ ನೋಡಿ. ಇಲ್ಲದಿದ್ದರೆ ಯಾವಾಗ ಬಿಟ್ಟಳು ಎಂದು ಕೇಳಿ.