ಒಡೆಯರ ದಯೆ

ಸೊರಬದ ಕಡೆಯಿಂದ ಶಿರಾಳಕೊಪ್ಪದ ಸಂತೆಗೆ ಹೋದವರು ಇನ್ನೂ ಸ್ವಲ್ಪ ದೂರ ನಡೆದರೆ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಸಿಗುತ್ತದೆ. ಅಲ್ಲಿ ಕೇದಾರೇಶ್ವರ ಗುಡಿ. ಒಂದು ಕಾಲಕ್ಕೆ ಅದಕ್ಕೆ ಸೇರಿದ್ದ ಕೋಡಿಯಮಠ. ಬಿಜ್ಜಳನ ಆಳ್ವಿಕೆಯ 1162ರ ಶಾಸನ ಈ ಮಠವನ್ನು ಬಾಯ್ತುಂಬ ಹೊಗಳುತ್ತದೆ. ಬಡವರಿಗೆ, ದಿಕ್ಕಿಲ್ಲದವರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಇಲ್ಲಿ ಅನ್ನ, ರೋಗಿಗಳಿಗೆ ಔಷಧಿ.

ಇದನ್ನು ನಾನು ಗೇಲಿ ಮಾಡಲಾರೆ. ಹಸಿದವನಿಗೆ ಕ್ರಾಂತಿ ಬರೋವರೆಗೂ ಕಾಯಿ ಅನ್ನುವುದು ಹೊಟ್ಟೆ ತುಂಬಿದವರ ಮಾತು. ಉಂಡ ಅನ್ನ ಉಂಡದ್ದೇ.

ಆದರೆ ಅದೇ ಬಿಜ್ಜಳನ ಕಲ್ಯಾಣದಲ್ಲಿ ಇನ್ನೊಂದು ನಡೆಯಿತು. ಶರಣರ ಕಥೆ ಹೇಳುವಂತೆ, ಚಪ್ಪಲಿ ಹೊಲಿಯುವ ಹರಳಯ್ಯ ದಾರಿಯಲ್ಲಿ ಬಸವಣ್ಣನಿಗೆ ಶರಣು ಎಂದ. ಅರಮನೆಯ ಭಂಡಾರ ನೋಡುವ ಬಸವಣ್ಣ ತಿರುಗಿ ಅವನಿಗೆ ಎರಡು ಸಲ ಶರಣೆಂದ. ಹೆಚ್ಚಿಗೆ ಬಂದ ಆ ಒಂದು ಶರಣು ಹರಳಯ್ಯನಿಗೆ ಸಾಲದ ಹಾಗೆ ಕೂತಿತು. ಗಂಡ ಹೆಂಡತಿ ತಮ್ಮ ತೊಡೆಯ ಚರ್ಮ ಸುಲಿದು ಬಸವಣ್ಣನಿಗೆ ಪಾದುಕೆ ಮಾಡಿದರು.

ಈ ಕಥೆ ಕೇಳಿ ಎಲ್ಲರೂ ಭಕ್ತಿಯಿಂದ ಕೈಮುಗಿಯುತ್ತಾರೆ. ನನಗೆ ಮಾತ್ರ ಸಂಕಟವಾಗುತ್ತದೆ. ಮೇಲಿನವನ ಒಂದು ಒಳ್ಳೆ ಮಾತಿಗೆ ಕೆಳಗಿನವನು ಯಾಕೆ ಚರ್ಮ ಸುಲಿದು ಕೊಡಬೇಕು? ಅಂಥ ಮಾತನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ, ಅದಕ್ಕೆ. ಮರ್ಯಾದೆ ಅಷ್ಟು ದುಬಾರಿಯಾಗಿದ್ದು ಹರಳಯ್ಯನ ತಪ್ಪಲ್ಲ, ಆ ವ್ಯವಸ್ಥೆಯದ್ದು.

ಮುಂದೆ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು. ಆಸ್ಥಾನ ಬುಸುಗುಟ್ಟಿತು. ಚಾಡಿ ಹೇಳುವವರು ಹೇಳಿದರು, ಧರ್ಮ ಕೆಟ್ಟಿತೆಂದವರು ಕೂಗಿದರು. ಬೀಗರಿಬ್ಬರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದರು. ಕೈಯೊಡ್ಡಿ ನಿಂತವನಿಗೆ ಅನ್ನ ಹಾಕುತ್ತಿದ್ದ ರಾಜ್ಯವೇ ಬೀಗನಾಗಿ ಪಕ್ಕದಲ್ಲಿ ಕೂತವನನ್ನು ಕೊಂದಿತು. ಬಸವಣ್ಣ ಅಧಿಕಾರ ಬಿಟ್ಟು ಕೂಡಲಸಂಗಮಕ್ಕೆ ನಡೆದ.

ಇಲ್ಲೇ ಇದೆ ವ್ಯತ್ಯಾಸ. ಮಠಕ್ಕೆ ದತ್ತಿ ಬಿಟ್ಟಿದ್ದರಿಂದ ಬಿಜ್ಜಳನ ಸಿಂಹಾಸನ ಒಂದಿಷ್ಟೂ ಅಲುಗಲಿಲ್ಲ, ಇನ್ನೂ ಗಟ್ಟಿಯಾಯಿತು. ಹರಳಯ್ಯನಿಗೆ ಶರಣೆಂದದ್ದಕ್ಕೆ ಬಸವಣ್ಣ ತನ್ನ ಪೀಠವನ್ನೇ ತೆರಬೇಕಾಯಿತು. ದಯೆಯನ್ನು ಅಳೆಯಬೇಕಾದ್ದು ಕೊಟ್ಟದ್ದರಿಂದಲ್ಲ, ಬಿಟ್ಟುಕೊಟ್ಟದ್ದರಿಂದ.

ಇದೆಲ್ಲ ಎಂಟುನೂರು ವರ್ಷದ ಹಿಂದಿನ ಮಾತು ಅಂತೀರಾ? ನಮ್ಮಪ್ಪ ಸೊರಬ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಎರಡು ಎಕರೆ ಗದ್ದೆಗೆ ಗೇಣಿ ಕೊಡುತ್ತಿದ್ದ. ಒಡೆಯರು ಒಳ್ಳೆಯವರೇ. ಮಳೆಗಾಲದಲ್ಲಿ ಅವ್ವ ಹಿತ್ತಲ ಬಾಗಿಲಲ್ಲಿ ನಿಂತರೆ ಕೇಳದೇನೇ ಭತ್ತ ಅಳೆಸುತ್ತಿದ್ದರು. ಹಿತ್ತಲ ಬಾಗಿಲಲ್ಲಿ, ಅದು ನೆನಪಿರಲಿ. 1974ರಲ್ಲಿ ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ಜಾರಿಗೆ ಬಂತು. ಅಪ್ಪ ಯಾರದೋ ಕೈಲಿ ಫಾರಂ 7 ತುಂಬಿಸಿ ಹಾಕಿಬಂದ. ಮಾರನೇ ದಿನ ಒಡೆಯರು ಕರೆಸಿದರು. ಬೈಯಲಿಲ್ಲ. ಕಣ್ಣಲ್ಲಿ ನೀರಿತ್ತು.

"ನಾನು ನಿನಗೇನು ಕಮ್ಮಿ ಮಾಡಿದ್ದೆನೋ?"

ಅಪ್ಪ ಅಂಗಳದಲ್ಲೇ ನಿಂತು ಹೇಳಿದ, "ಏನೂ ಕಮ್ಮಿ ಮಾಡಿಲ್ರೀ ಒಡೆಯಾ. ಇನ್ಮೇಲೆ ನೀವು ಮಾಡೋದು ಬ್ಯಾಡ ಅಂತ."

ಆ ವರ್ಷದಿಂದ ಹಿತ್ತಲ ಬಾಗಿಲು ಮುಚ್ಚಿತು. ಅವರ ಕಣ್ಣೀರು ಸುಳ್ಳಾಗಿರಲಿಲ್ಲ ಅಂತ ನಾನು ಈಗಲೂ ನಂಬುತ್ತೇನೆ. ಅವರಿಗೆ ನಮ್ಮ ಮೇಲೆ ಪ್ರೀತಿಯಿತ್ತು. ನಾವು ಅಂಗಳದಲ್ಲಿ ಇರೋವರೆಗೂ ಇತ್ತು. ಕೊಡುವ ಕೈ ಮೇಲೆಯೇ ಇರಬೇಕು ಎನ್ನುವ ಕರಾರು ಅದರೊಳಗೆ ಅಡಗಿತ್ತು. ಅದು ಅವರಿಗೂ ಗೊತ್ತಿರಲಿಲ್ಲ, ಫಾರಂ 7 ಅದನ್ನು ಹೊರಗೆ ಹಾಕಿತು.

ಕಾನೂನೂ ಪೂರ್ತಿ ನ್ಯಾಯ ಮಾಡಲಿಲ್ಲ. ಗೇಣಿದಾರನಿಗೆ ಭೂಮಿ ಬಂತು, ಗೇಣಿಯೂ ಇಲ್ಲದ ಕೂಲಿಯಾಳು ಕೂಲಿಯಾಳಾಗೇ ಉಳಿದ. ನಮ್ಮ ಕೇರಿಯಲ್ಲಿ ಅಂಥವರೇ ಹೆಚ್ಚು. ಒಂದಿಷ್ಟು ಗದ್ದೆ ಸಿಕ್ಕ ನಾವು ಅವರಿಗೆ ಕೂಲಿ ಕೊಡುವಾಗ ಯಾವ ಬಾಗಿಲಲ್ಲಿ ನಿಲ್ಲಿಸುತ್ತೇವೆ? ಈ ಪ್ರಶ್ನೆಯನ್ನು ಒಡೆಯರಿಗೆ ಕೇಳಿದಷ್ಟೇ ಗಟ್ಟಿಯಾಗಿ ನಮಗೂ ಕೇಳಿಕೊಳ್ಳಬೇಕು.

ಗೆಳೆಯರೇ, ದಯೆ ಬೇಡ ಅಂತ ನಾನು ಹೇಳುತ್ತಿಲ್ಲ. ಪಡೆದವನು ನಾಳೆ ಎದ್ದು ನಿಂತು ಪಾಲು ಕೇಳಿದಾಗಲೂ ಮುಖ ತಿರುಗಿಸದ ದಯೆ ಬೇಕು. ಮಿಕ್ಕದ್ದೆಲ್ಲ ಅನ್ನದ ಸಾಲ. ಅದನ್ನು ತೀರಿಸಲು ನಮ್ಮ ಮೈಯಲ್ಲಿ ಇನ್ನು ಚರ್ಮವಿಲ್ಲ.